ಅವ್ವನ ಕಾಲಿನ ಹುಣ್ಣು ಯಾಕೆ ಮಾಯುತ್ತಿಲ್ಲ?

ಪ್ರಶ್ನೆ: ನಮ್ಮ ಅವ್ವನಿಗೆ 59 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಗದಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಅವ್ವ ಬೆಳಗ್ಗೆ ಐದಕ್ಕೆ ಒಲೆ ಮುಂದೆ ನಿಂತರೆ ಮಧ್ಯಾಹ್ನ ಮೂರರ ತನಕ ರೊಟ್ಟಿ ಬಡಿಯುತ್ತಾಳೆ. ಅಡುಗೆಮನೆಯಲ್ಲಿ ಯಾವತ್ತೂ ಬರಿಗಾಲು. ನಾಲ್ಕು ತಿಂಗಳ ಹಿಂದೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ದಡ್ಡುಗಟ್ಟಿದ ಚರ್ಮ ಒಡೆದು ಹುಣ್ಣಾಯಿತು. ಈಗ ಒಂದು ರೂಪಾಯಿ ನಾಣ್ಯದಷ್ಟು ಅಗಲವಿದೆ. ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿಸುತ್ತಿದ್ದೇವೆ. ಮೂರು ಬಗೆಯ ಮುಲಾಮು ಹಚ್ಚಿದ್ದಾಯಿತು, ಮೂರು ಸಲ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಯಿತು. ಸ್ವಲ್ಪ ಒಣಗಿದಂತೆ ಕಾಣುತ್ತದೆ, ಮತ್ತೆ ಬಾಯಿ ಬಿಡುತ್ತದೆ. ‘ನೋವ ಇಲ್ಲಲ್ಲ, ಯಾಕ ಹೆದರ್ತಿ’ ಅಂತ ಅವ್ವ ನನಗೇ ಸಮಾಧಾನ ಹೇಳುತ್ತಾಳೆ. ನಂಜಾಗುತ್ತದೆ ಅಂತ ಬದನೆಕಾಯಿ, ಬೇಳೆ, ಮೊಟ್ಟೆ ಎಲ್ಲ ಬಿಡಿಸಿದ್ದೇವೆ. ಎಚ್‌ಬಿಎ1ಸಿ 10.2 ಬಂದಿದೆ. ಇನ್ಸುಲಿನ್ ಬೇಡವೇ ಬೇಡ ಅನ್ನುತ್ತಾಳೆ. ಹೀಗೇ ಆದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಹೋದ ವಾರ ಡಾಕ್ಟರು ಹೇಳಿದರು. ನಮ್ಮ ಓಣಿಯ ಒಬ್ಬರಿಗೆ ಮೊದಲು ಬೆರಳು, ಆಮೇಲೆ ಕಾಲೇ ಹೋಯಿತು. ಅದನ್ನು ನೆನೆಸಿಕೊಂಡು ಅವ್ವ ರಾತ್ರಿ ಅಳುತ್ತಾಳೆ. ಇದಕ್ಕೆ ಒಳ್ಳೆಯ ಮುಲಾಮು ಯಾವುದು? ಅವ್ವನ ಕಾಲು ಉಳಿಯುತ್ತದೆಯೇ? ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನಿಸುತ್ತಿದೆ.

— ನೊಂದ ಮಗಳು

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರ ಹೇಳುತ್ತೇನೆ. ಖಾನಾವಳಿಯ ಕೆಲಸದ ನಡುವೆಯೂ ನಾಲ್ಕು ತಿಂಗಳು ದಿನ ಬಿಟ್ಟು ದಿನ ಅವ್ವನನ್ನು ಡ್ರೆಸಿಂಗ್‌ಗೆ ಕರೆದುಕೊಂಡು ಹೋಗಿದ್ದೀರಿ. ಇದು ನೋಡಿಕೊಳ್ಳದವರು ಮಾಡುವ ಕೆಲಸವಲ್ಲ. ಆದರೆ ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ಕೆಲಸ ಇನ್ನೂ ಶುರುವೇ ಆಗಿಲ್ಲ ಎಂಬುದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಹುಣ್ಣಿನ ಮೇಲೆ ಬೀಳುವ ಮೈಭಾರವನ್ನು ಇಳಿಸುವುದೇ ಆ ಕೆಲಸ. ಅಂಗಾಲಿನ ಹುಣ್ಣು ಮಾಯುವುದು ಬಹುಪಾಲು ಇದರಿಂದಲೇ. ಭಾರ ಇಳಿಯದಿದ್ದರೆ ಎಷ್ಟೇ ದುಬಾರಿಯ ಮುಲಾಮು ಹಚ್ಚಿದರೂ ನೀವು ಈಗ ಕಾಣುತ್ತಿರುವುದೇ ಆಗುತ್ತದೆ: ಒಣಗಿದಂತೆ ಕಾಣುವುದು, ಮತ್ತೆ ಬಾಯಿ ಬಿಡುವುದು.

ನೋವಿಲ್ಲ ಎಂಬುದೇ ಅಪಾಯ

‘ನೋವ ಇಲ್ಲಲ್ಲ’ ಎಂದು ಅವ್ವ ಹೇಳುವುದು ಧೈರ್ಯಕ್ಕಲ್ಲ, ಅವರಿಗೆ ನಿಜವಾಗಿಯೂ ನೋವಿಲ್ಲ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಇದ್ದರೆ ಪಾದದ ನರಗಳು ನಿಧಾನವಾಗಿ ಕೆಡುತ್ತವೆ. ಮೊದಮೊದಲು ಜೋಮು, ಉರಿ, ರಾತ್ರಿ ಹೊತ್ತು ಇರುವೆ ಹರಿದಂತಾಗುವುದು. ಆಮೇಲೆ ಏನೂ ತಿಳಿಯುವುದಿಲ್ಲ. ನಮಗೆ ನಿಮಗೆ ಕಾಲಿನಲ್ಲಿ ಒಂದು ಗುಳ್ಳೆ ಎದ್ದರೂ ನೋವಿಗೆ ಹೆದರಿ ಕುಂಟುತ್ತೇವೆ, ಆ ಕುಂಟುವಿಕೆಯೇ ಗಾಯಕ್ಕೆ ವಿಶ್ರಾಂತಿ ಕೊಡುತ್ತದೆ. ನಿಮ್ಮ ಅವ್ವ ಕುಂಟುವುದಿಲ್ಲ. ತೆರೆದ ಹುಣ್ಣಿನ ಮೇಲೆಯೇ ಪೂರ್ತಿ ಮೈಭಾರ ಹಾಕಿ ದಿನಕ್ಕೆ ಹತ್ತು ತಾಸು ನಿಲ್ಲುತ್ತಾರೆ, ಓಡಾಡುತ್ತಾರೆ. ರಾತ್ರಿ ಕೂಡಿಕೊಳ್ಳಲು ನೋಡಿದ ಎಳೆಯ ಮಾಂಸ ಮರುದಿನ ಬೆಳಗ್ಗೆ ಜಜ್ಜಿಹೋಗುತ್ತದೆ.

ಹುಣ್ಣು ಹೆಬ್ಬೆರಳ ಬುಡದಲ್ಲೇ ಆದದ್ದೂ ಆಕಸ್ಮಿಕವಲ್ಲ. ನಡೆಯುವಾಗ ಹಿಮ್ಮಡಿ ಎತ್ತಿ ಮುಂದೆ ತಳ್ಳುವ ಹೊತ್ತಿಗೆ ಮೈಭಾರವೆಲ್ಲ ಬಂದು ಕೂರುವುದು ಅಲ್ಲಿ. ಒತ್ತಡ ಹೆಚ್ಚಾದ ಕಡೆ ಚರ್ಮ ತನ್ನನ್ನು ಕಾಯ್ದುಕೊಳ್ಳಲು ದಪ್ಪವಾಗಿ ದಡ್ಡುಗಟ್ಟುತ್ತದೆ. ಹಾಗೆ ಗಟ್ಟಿಯಾದ ಚರ್ಮ ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತದೆ. ಒಳಗೆ ರಕ್ತ ಕಂದಿ, ಕೊನೆಗೆ ಒಡೆದು ಹುಣ್ಣಾಗುತ್ತದೆ. ಅವ್ವನ ಹುಣ್ಣಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಬಿಳಿಚಿದ ಗಟ್ಟಿ ಉಂಗುರವೊಂದು ಕಂಡರೆ ಭಾರ ಇನ್ನೂ ಅಲ್ಲೇ ಬೀಳುತ್ತಿದೆ ಎಂದು ಅರ್ಥ. ಆ ಉಂಗುರವನ್ನೂ ಸತ್ತ ಮಾಂಸವನ್ನೂ ವೈದ್ಯರು ಬ್ಲೇಡಿನಿಂದ ಸವರಿ ತೆಗೆಯಬೇಕು, ಅದೂ ಒಂದು ಸಲವಲ್ಲ, ಹೆಚ್ಚುಕಡಿಮೆ ವಾರಕ್ಕೊಮ್ಮೆ. ಮನೆಯಲ್ಲಿ ನೀವು ಬ್ಲೇಡು ಮುಟ್ಟಬೇಡಿ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯನ್ನೂ ಅಂಟಿಸಬೇಡಿ. ಅದರಲ್ಲಿರುವ ಆ್ಯಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಅವ್ವನಿಗೆ ಗೊತ್ತೇ ಆಗುವುದಿಲ್ಲ.

ವೆಲ್ಲೂರು ಕಲಿಸಿದ ಪಾಠ

ಈ ತಿಳಿವಳಿಕೆಯ ಒಂದು ದೊಡ್ಡ ಪಾಲು ನಮ್ಮ ನೆರೆಯ ವೆಲ್ಲೂರಿನಿಂದ ಬಂದದ್ದು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಳ ಕಾಲ ಗಮನಿಸಿದರು. ಕುಷ್ಠರೋಗಿಯ ಬೆರಳು ಕೊಳೆತು ಉದುರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಸ್ಪರ್ಶ ಸತ್ತ ಕಾಲಿಗೆ ನಿತ್ಯ ಆಗುವ ಪೆಟ್ಟು, ಸುಟ್ಟಗಾಯ, ಒತ್ತಡಗಳೇ ಅದಕ್ಕೆ ಕಾರಣ ಎಂದು ಬ್ರ್ಯಾಂಡ್ ತೋರಿಸಿಕೊಟ್ಟರು. ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಕಟ್ಟಿ ಭಾರ ಹಂಚಿದರೆ ಹುಣ್ಣು ಮಾಯುತ್ತಿತ್ತು. ಅವರು ಮುಂದೆ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಇದೇ ಪಾಠ ಮಧುಮೇಹಿಗಳ ಕಾಲಿಗೂ ಒದಗಿತು. ಕಾಯಿಲೆ ಬೇರೆಯಾದರೂ ನೋವು ತಿಳಿಯದ ಪಾದದ ಪಾಡು ಒಂದೇ.

ಆ ಪ್ಲಾಸ್ಟರಿಗೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎನ್ನುತ್ತಾರೆ. ಬೆರಳಿನಿಂದ ಮೊಣಕಾಲಿನ ಕೆಳಗಿನವರೆಗೆ ಚರ್ಮಕ್ಕೆ ಹೊಂದಿಕೊಂಡಂತೆ ಕಟ್ಟುತ್ತಾರೆ. ಹುಣ್ಣಿನ ಮೇಲೆ ಬೀಳುತ್ತಿದ್ದ ಭಾರ ಇಡೀ ಅಂಗಾಲಿಗೂ ಕಣಕಾಲಿಗೂ ಹಂಚಿಹೋಗುತ್ತದೆ. ಮೊದಲ ಪ್ಲಾಸ್ಟರನ್ನು ಕೆಲವೇ ದಿನಗಳಲ್ಲಿ ಬಿಚ್ಚಿ ನೋಡುತ್ತಾರೆ, ಮುಂದೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬದಲಿಸುತ್ತಾರೆ. ರಕ್ತಸಂಚಾರ ಚೆನ್ನಾಗಿದ್ದು ಸೋಂಕು ಇಲ್ಲದ ಅಂಗಾಲಿನ ಹುಣ್ಣು ಹೀಗೆ ಕಟ್ಟಿದಾಗ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮುಚ್ಚುತ್ತದೆ. ರಕ್ತ ಸರಿಯಾಗಿ ಹರಿಯದ, ಕೀವು ತುಂಬಿದ ಕಾಲಿಗೆ ಇದನ್ನು ಕಟ್ಟಬಾರದು. ಹಾಗಾಗಿ ಪರೀಕ್ಷೆ ಮೊದಲು, ಪ್ಲಾಸ್ಟರ್ ಆಮೇಲೆ.

ಬಿಚ್ಚಿ ಹಾಕಿಕೊಳ್ಳುವ ಬೂಟು ಸಾಲದೇ ಎಂದು ಅವ್ವ ಕೇಳಬಹುದು. ಬೂಟುಗಳೂ ಇವೆ. ತೊಂದರೆ ಏನೆಂದರೆ ಅವನ್ನು ಬಿಚ್ಚಿಡುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಬೂಟು ಪಡೆದ ರೋಗಿಗಳು ದಿನದ ಓಡಾಟದ ಶೇ. 28ರಷ್ಟನ್ನು ಮಾತ್ರ ಅದನ್ನು ತೊಟ್ಟು ಮಾಡಿದ್ದರು. ಮನೆಯೊಳಗಿನ ನಾಲ್ಕು ಹೆಜ್ಜೆಗೆ ಯಾಕೆ ಎಂದುಕೊಂಡರೆ ಆ ನಾಲ್ಕು ಹೆಜ್ಜೆಗಳೇ ದಿನಕ್ಕೆ ಸಾವಿರಾರು ಆಗುತ್ತವೆ. ಬಿಚ್ಚಲಾಗದ ಸಾಧನವನ್ನೇ ತಜ್ಞರು ಮೊದಲು ಹೇಳುವುದು ಇದೇ ಕಾರಣಕ್ಕೆ. ಪ್ಲಾಸ್ಟರ್ ಕಟ್ಟುವ ಅನುಕೂಲ ಇಲ್ಲದ ಕಡೆ ದಪ್ಪ ಫೆಲ್ಟ್ ಅಥವಾ ಫೋಮನ್ನು ಹುಣ್ಣಿನ ಭಾಗ ಬಿಟ್ಟು ಅಂಗಾಲಿಗೆ ಅಂಟಿಸಿ ಒತ್ತಡ ತಗ್ಗಿಸುತ್ತಾರೆ. ಇಂಥ ಕಡಿಮೆ ಖರ್ಚಿನ ವಿಧಾನಗಳಲ್ಲಿ ‘ಮಂದಾಕಿನಿ’, ‘ಸಮಾಧಾನ್’ ಎಂಬುವು ನಮ್ಮ ದೇಶದಲ್ಲೇ ರೂಪುಗೊಂಡವು. ನಿಮ್ಮ ಡಾಕ್ಟರ ಬಳಿ ಹೋದಾಗ ‘ಯಾವ ಮುಲಾಮು’ ಎಂದು ಕೇಳಬೇಡಿ, ‘ಭಾರ ಇಳಿಸಲು ಏನು ಮಾಡೋಣ’ ಎಂದು ಕೇಳಿ.

ಬೆರಳು ತೆಗೆಯುವ ಮಾತು

ಕಾಲನ್ನು ಕಣ್ಣಾರೆ ನೋಡದೆ ಬೆರಳು ಉಳಿಯುತ್ತದೆ ಎಂದಾಗಲಿ ಹೋಗುತ್ತದೆ ಎಂದಾಗಲಿ ನಾನು ಹೇಳುವುದು ತಪ್ಪಾಗುತ್ತದೆ. ಆದರೆ ಆ ತೀರ್ಮಾನಕ್ಕೆ ಮೊದಲು ಮೂರು ವಿಷಯಗಳು ಗೊತ್ತಾಗಿರಲೇಬೇಕು.

ಒಂದು, ರಕ್ತ ಪಾದದವರೆಗೆ ಹರಿಯುತ್ತಿದೆಯೇ? ಡಾಪ್ಲರ್ ಪರೀಕ್ಷೆ ಮಾಡಿ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸುತ್ತಾರೆ. ಅನುಪಾತ 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಿರಿದಾಗಿದೆ ಎಂದು ತಿಳಿಯಬೇಕು. ಬಹುಕಾಲದ ಮಧುಮೇಹದಲ್ಲಿ ರಕ್ತನಾಳದ ಗೋಡೆ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಚೆನ್ನಾಗಿ ಕಾಣುವುದುಂಟು, ಆದ್ದರಿಂದ ಹೆಬ್ಬೆರಳಿನ ಒತ್ತಡವನ್ನೂ ನೋಡಬೇಕಾಗಬಹುದು. ನಾಳ ಕಟ್ಟಿಕೊಂಡಿದ್ದರೆ ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ ರಕ್ತ ಹರಿಸಬಹುದು. ರಕ್ತ ತಲುಪದ ಗಾಯ ಯಾವ ಔಷಧಿಗೂ ಮಾಯುವುದಿಲ್ಲ.

ಎರಡು, ಸೋಂಕು ಮೂಳೆಗೆ ಇಳಿದಿದೆಯೇ? ವೈದ್ಯರು ಶುದ್ಧ ಮಾಡಿದ ತೆಳ್ಳನೆಯ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲನೆ ಬಿಟ್ಟು ನೋಡುತ್ತಾರೆ. ತುದಿಗೆ ಗಟ್ಟಿಯಾದ ಮೂಳೆ ತಾಗಿದರೆ ಅನುಮಾನ ಬಲವಾಗುತ್ತದೆ. ಎಕ್ಸ್‌ರೇ ತೆಗೆಸಬೇಕು. ಆದರೆ ಮೂಳೆಯ ಸೋಂಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಆಗ ಮತ್ತೊಮ್ಮೆ ತೆಗೆಸಬೇಕು ಅಥವಾ ಎಂಆರ್‌ಐ ಬೇಕಾಗಬಹುದು. ಸೋಂಕು ಇದ್ದ ಮಾತ್ರಕ್ಕೆ ಬೆರಳು ಹೋಗಲೇಬೇಕೆಂದಿಲ್ಲ. ಕೆಲವರಿಗೆ ಸುಮಾರು ಆರು ವಾರಗಳ ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ, ಕೆಲವರಿಗೆ ಕೆಟ್ಟ ಮೂಳೆಯ ಚೂರನ್ನಷ್ಟೇ ತೆಗೆದರೆ ಸಾಕಾಗುತ್ತದೆ.

ಮೂರು, ಭಾರ ಇಳಿಸಿ ನೋಡಿದ್ದಾರೆಯೇ? ಸೋಂಕಿಲ್ಲದೆ, ರಕ್ತಸಂಚಾರ ಸರಿಯಿದ್ದು, ಭಾರ ಇಳಿಸದೆ ಇರುವುದೊಂದೇ ಕೊರತೆಯಾಗಿದ್ದರೆ ಬೆರಳಿನ ಮೇಲೆ ಕತ್ತರಿ ಇಡುವ ಹೊತ್ತು ಇನ್ನೂ ಬಂದಿಲ್ಲ.

ಈ ಮೂರಕ್ಕೂ ಉತ್ತರ ಸಿಗದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ, ಆದರೆ ಇದೇ ವಾರದಲ್ಲಿ. ಹುಬ್ಬಳ್ಳಿ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ನೋಡುವ ಶಸ್ತ್ರವೈದ್ಯರಿದ್ದಾರೆ. ಬೆಂಗಳೂರಿನ ಜಯನಗರದಲ್ಲಿರುವ ಸರ್ಕಾರಿ ಮಧುಮೇಹ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್‌ನಲ್ಲಿ ಪಾದಗಳಿಗೆಂದೇ ವಿಭಾಗವಿದೆ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಚಿಕಿತ್ಸೆ ಅದರಡಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

ಇನ್ನೊಂದು ಮಾತನ್ನು ಅವ್ವನಿಗೆ ತಿಳಿಸಿ ಹೇಳಿ. ಎಲ್ಲ ಪರೀಕ್ಷೆ ಆದ ಮೇಲೆಯೂ ಬೆರಳು ತೆಗೆಯಲೇಬೇಕು ಎಂದಾದರೆ ಅದು ಸೋಲಲ್ಲ. ಹೊತ್ತಿಗೆ ಸರಿಯಾಗಿ ಒಂದು ಬೆರಳು ತೆಗೆದದ್ದರಿಂದ ಕಾಲು ಉಳಿದವರು ಬಹಳ ಮಂದಿ. ಹೆದರಿ ಮುಂದೂಡಿದವರ ಸೋಂಕು ಮೇಲಕ್ಕೆ ಏರುತ್ತದೆ.

ಸಕ್ಕರೆ, ಇನ್ಸುಲಿನ್, ನಂಜು

ಎಚ್‌ಬಿಎ1ಸಿ 10.2 ಎಂದರೆ ಕಳೆದ ಎರಡು ಮೂರು ತಿಂಗಳು ಸಕ್ಕರೆ ಹತೋಟಿಯಲ್ಲಿ ಇರಲೇ ಇಲ್ಲ. ಸಕ್ಕರೆ ಏರಿದ ರಕ್ತದಲ್ಲಿ ರೋಗಾಣುಗಳ ಜೊತೆ ಹೋರಾಡುವ ಬಿಳಿ ಕಣಗಳು ಸೋಲುತ್ತವೆ. ಒಮ್ಮೆ ಚುಚ್ಚಿಸಿಕೊಂಡರೆ ಸಾಯುವ ತನಕ ಬಿಡಲಾಗದು ಎಂಬ ಹೆದರಿಕೆಯಿಂದ ಇನ್ಸುಲಿನ್ ಬೇಡ ಎನ್ನುವವರು ತುಂಬ. ಹುಣ್ಣು ಮಾಯುವ ತನಕ ಇನ್ಸುಲಿನ್ ತೆಗೆದುಕೊಂಡು ಆಮೇಲೆ ಮಾತ್ರೆಗೆ ಮರಳಿದವರು ಎಷ್ಟೋ ಜನರಿದ್ದಾರೆ. ಮುಂದೆಯೂ ಬೇಕೆಂದಾದರೆ ಬೇಕು, ಕಾಲಿಗಿಂತ ಸೂಜಿ ದೊಡ್ಡದಲ್ಲ.

ನಂಜಿನ ಹೆಸರಿನಲ್ಲಿ ಬೇಳೆ, ಮೊಟ್ಟೆ ಬಿಡಿಸಿದ್ದೀರಿ. ದಯವಿಟ್ಟು ಇವತ್ತಿನಿಂದಲೇ ಮತ್ತೆ ಕೊಡಿ. ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು. ಬೇಳೆ, ಹೆಸರುಕಾಳು, ಮಡಕಿಕಾಳು, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು, ಇವುಗಳಿಂದ ಹುಣ್ಣಿನಲ್ಲಿ ಕೀವಾಗುವುದಿಲ್ಲ. ಬರೀ ರೊಟ್ಟಿ, ಅನ್ನ, ಸಪ್ಪೆ ಸಾರು ಉಂಡರೆ ಸಕ್ಕರೆಯೂ ಇಳಿಯುವುದಿಲ್ಲ, ಗಾಯವೂ ಮಾಯುವುದಿಲ್ಲ. ಕಿಡ್ನಿ ತೊಂದರೆ ಇದೆಯೇ ಎಂದು ಮಾತ್ರ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇದ್ದರೆ ಪ್ರೋಟೀನ್ ಪ್ರಮಾಣವನ್ನು ಡಾಕ್ಟರು ಹೇಳುತ್ತಾರೆ.

ಆ್ಯಂಟಿಬಯೋಟಿಕ್ ಬೇಕಾಗುವುದು ಸೋಂಕು ಇದ್ದಾಗ. ಕೀವು, ಕೆಂಪು, ಬಿಸಿ, ಊತ ಏನೂ ಇಲ್ಲದ ಹುಣ್ಣಿಗೆ ಅದನ್ನು ನುಂಗಿದರೆ ಹುಣ್ಣು ಬೇಗ ಮುಚ್ಚುವುದಿಲ್ಲ, ಮುಂದೆ ನಿಜವಾದ ಸೋಂಕು ಬಂದಾಗ ಔಷಧಿ ನಾಟದಂತಾಗುತ್ತದೆ. ಡ್ರೆಸಿಂಗ್ ಸರಳವಾಗಿದ್ದರೆ ಸಾಕು: ಸಲೈನ್‌ನಲ್ಲಿ ತೊಳೆಯುವುದು, ರಸಿಕೆ ಹೀರುವ ಶುದ್ಧ ಪಟ್ಟಿ ಕಟ್ಟುವುದು. ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು, ಸುಣ್ಣ, ಕಾಫಿಪುಡಿ, ಸೊಪ್ಪಿನ ರಸ ಮೆತ್ತುವುದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ನೆನೆಸುವುದು, ಇವು ಯಾವುವೂ ಬೇಡ.

ಅವ್ವನನ್ನು ಕೂರಿಸುವುದು ಹೇಗೆ?

ನಿಮಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದು ಎಂದು ನನಗೆ ಗೊತ್ತು. ದುಡಿದು ಮನೆ ನಡೆಸಿದ ಹೆಣ್ಣುಮಗಳಿಗೆ ‘ಸುಮ್ಮನೆ ಕೂಡ್ರು’ ಎಂದರೆ ಅದು ಔಷಧಿಯಂತೆ ಕೇಳುವುದಿಲ್ಲ, ನೀನಿನ್ನು ಬೇಡ ಎಂದಂತೆ ಕೇಳುತ್ತದೆ. ಆದ್ದರಿಂದ ಅವರ ಕೆಲಸ ಕಿತ್ತುಕೊಳ್ಳಬೇಡಿ, ಬದಲಿಸಿ. ರೊಟ್ಟಿ ಬಡಿಯಲು ಎರಡು ತಿಂಗಳ ಮಟ್ಟಿಗೆ ಓಣಿಯ ಯಾರನ್ನಾದರೂ ಕೂಲಿಗೆ ಇಟ್ಟುಕೊಳ್ಳಿ. ಹೊರಗೆ ಮಾಡಿದ ಕಟಕ ರೊಟ್ಟಿ ತರಿಸಿದರೂ ನಡೆಯುತ್ತದೆ. ಗಲ್ಲಾಪೆಟ್ಟಿಗೆ, ಲೆಕ್ಕ, ಕಾಯಿಪಲ್ಲೆ ಹೆಚ್ಚುವುದು, ಹಿಟ್ಟಿನ ಹದ ಹೇಳುವುದು ಅವ್ವನ ಪಾಲಿಗಿರಲಿ. ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟು ಇದೆಲ್ಲ ಮಾಡಬಹುದು. ಪಾಯಖಾನೆಗೆ, ಸ್ನಾನಕ್ಕೆ ಮಾತ್ರ ಓಡಾಟ, ಅದೂ ವಾಕರ್ ಹಿಡಿದು.

ಎರಡು ತಿಂಗಳ ಕೂಲಿ ನಿಮ್ಮಂಥ ಮನೆಗೆ ಸಣ್ಣ ಖರ್ಚಲ್ಲ. ಆದರೆ ಕಾಲು ಕಳೆದುಕೊಂಡ ಮೇಲೆ ಆಗುವ ಆಸ್ಪತ್ರೆ ಖರ್ಚು, ಕೃತಕ ಕಾಲಿನ ಖರ್ಚು, ನಿಂತುಹೋಗುವ ದುಡಿಮೆಯ ಮುಂದೆ ಅದು ಏನೂ ಅಲ್ಲ. ನಿಮ್ಮ ಅಣ್ಣತಮ್ಮಂದಿರು, ಮನೆಯವರು ಎಲ್ಲರನ್ನೂ ಕೂರಿಸಿ ಈ ಲೆಕ್ಕ ಹೇಳಿ. ಇದು ಮಗಳೊಬ್ಬಳ ಹೊರೆಯಲ್ಲ.

ಹುಣ್ಣಿನ ಅಳತೆಯನ್ನು ವಾರಕ್ಕೊಮ್ಮೆ ಬರೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸರಿಯಾದ ಚಿಕಿತ್ಸೆ ನಡೆದಿದ್ದರೆ ನಾಲ್ಕು ವಾರಗಳಲ್ಲಿ ಹುಣ್ಣಿನ ವಿಸ್ತಾರ ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಚಿಕಿತ್ಸೆಯಲ್ಲಿ ಏನೋ ತಪ್ಪಿದೆ ಎಂದು ತಿಳಿದು ಡಾಕ್ಟರನ್ನು ಮತ್ತೆ ಕೇಳಿ. ತಾನೇ ಕೂತು ಕಾಯ್ದ ಹುಣ್ಣು ವಾರದಿಂದ ವಾರಕ್ಕೆ ಕಿರಿದಾಗುವುದನ್ನು ಫೋಟೊದಲ್ಲಿ ಕಂಡರೆ ಅವ್ವನಿಗೂ ನಂಬಿಕೆ ಬರುತ್ತದೆ.

ಅದೇ ದಿನ ಆಸ್ಪತ್ರೆಗೆ ಹೊರಡಿ

ಹುಣ್ಣಿನ ಸುತ್ತ ಕೆಂಪು ಹರಡಿದರೆ, ಪಾದ ಊದಿ ಬಿಸಿಯಾದರೆ, ಕೆಟ್ಟ ವಾಸನೆ ಬಂದರೆ, ಬೆರಳು ನೀಲಿಗೋ ಕಪ್ಪಿಗೋ ತಿರುಗಿದರೆ, ಚಳಿಜ್ವರ ಬಂದರೆ, ಸಕ್ಕರೆ ಇದ್ದಕ್ಕಿದ್ದಂತೆ ಏರಿದರೆ, ವಾಂತಿ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಧುಮೇಹದಲ್ಲಿ ಜ್ವರ ಬಾರದೆಯೂ ಸೋಂಕು ಒಳಗೊಳಗೇ ಏರಬಹುದು. ಗಾಯವಿಲ್ಲದೆಯೂ ಒಂದು ಪಾದ ಮಾತ್ರ ಕೆಂಪಾಗಿ ಊದಿ ಇನ್ನೊಂದಕ್ಕಿಂತ ಬಿಸಿಯಾದರೆ ಅದು ಪಾದದ ಕೀಲುಮೂಳೆಗಳು ಕುಸಿಯುತ್ತಿರುವ ಶಾರ್ಕೋ ತೊಂದರೆ ಇರಬಹುದು. ಉಳುಕು ಎಂದುಕೊಂಡು ತಿಕ್ಕಿಸಬೇಡಿ, ಕಾಲನ್ನು ನೆಲಕ್ಕೆ ಊರಿಸದೆ ವೈದ್ಯರಿಗೆ ತೋರಿಸಿ.

ಮಾಯಿದ ಮೇಲೆ

ಹುಣ್ಣು ಮುಚ್ಚಿದ ದಿನ ಮನೆಯವರೆಲ್ಲ ಮೈಮರೆಯುತ್ತಾರೆ. ಒಮ್ಮೆ ಮಾಯಿದ ಹುಣ್ಣು ನೂರರಲ್ಲಿ ಸುಮಾರು 40 ಮಂದಿಗೆ ಒಂದೇ ವರ್ಷದಲ್ಲಿ ಮರಳುತ್ತದೆ, ಐದು ವರ್ಷಗಳಲ್ಲಿ ಸುಮಾರು 65 ಮಂದಿಗೆ. ನರ ಕೆಟ್ಟದ್ದು ಹಾಗೆಯೇ ಇರುತ್ತದಲ್ಲ. ಆದ್ದರಿಂದ ಮುಂದೆ ಅವ್ವ ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು. ಅಡುಗೆಮನೆಯ ಮಡಿಗೆ ಕೊರತೆ ಅನ್ನಿಸಿದರೆ ಒಳಗಿಗೆಂದೇ ಒಂದು ಜೊತೆ ಬೇರೆ ಚಪ್ಪಲಿ ತೊಳೆದಿಡಿ. ಎಂಸಿಆರ್ ಎಂಬ ಮೃದುವಾದ ರಬ್ಬರಿನ ಅಟ್ಟೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಳ್ಳಿ. ಬೆರಳ ಸಂದಿಗೆ ಉಂಗುಟ ಸಿಕ್ಕಿಸುವ ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದದ್ದೂ ಸ್ಪರ್ಶವಿಲ್ಲದ ಕಾಲಿಗೆ ತಿಳಿಯುವುದಿಲ್ಲ. ಬಿಸಿಲೇರಿದ ಮೇಲೆ ಗುಡಿಯ ಕಲ್ಲಿನ ಮೇಲೆ ಪ್ರದಕ್ಷಿಣೆ ಬೇಡ, ಬೆಳಗಿನ ತಂಪಿನಲ್ಲಿ ಹತ್ತಿ ಸಾಕ್ಸ್ ಹಾಕಿಕೊಂಡು ಹೋಗಿ ಬರಲಿ. ಬರಿಗಾಲ ಪಾದಯಾತ್ರೆಯ ಹರಕೆ ಇದ್ದರೆ ಬೇರೆ ರೀತಿಯಲ್ಲಿ ತೀರಿಸಲಿ.

ದಿನಾ ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಅವ್ವನ ಎರಡೂ ಪಾದ ನೋಡಿ. ಬೆರಳ ಸಂದಿ, ಹಿಮ್ಮಡಿ, ಅಂಗಾಲು ಎಲ್ಲವನ್ನೂ ಕೈಯಿಂದ ಸವರಿ. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇದೆಯೇ ನೋಡಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಲಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದವನ್ನು ವೈದ್ಯರಿಗೆ ತೋರಿಸಿ.

ಇದನ್ನು ಓದುತ್ತಿರುವ, ಇನ್ನೂ ಹುಣ್ಣಾಗದ ಮಧುಮೇಹಿಗಳಿಗೂ ಒಂದು ಮಾತು. ವರ್ಷಕ್ಕೊಮ್ಮೆಯಾದರೂ ಡಾಕ್ಟರ ಮುಂದೆ ಚಪ್ಪಲಿ ಕಳಚಿ ಪಾದ ತೋರಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಉಳಿದಿದೆಯೇ ಎಂದು ಅವರು ನೋಡುತ್ತಾರೆ. ಎರಡು ನಿಮಿಷದ ಕೆಲಸ ಅದು. ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾದ ನೂರು ಪ್ರಸಂಗಗಳಲ್ಲಿ ಸುಮಾರು 85 ಶುರುವಾಗುವುದು ಇಂಥ ಒಂದು ಹುಣ್ಣಿನಿಂದಲೇ.

ಮಗಳೇ, ನಾಲ್ಕು ತಿಂಗಳು ಕಳೆದಿರುವುದು ನಿಜ, ಆದರೆ ದಾರಿ ಮುಚ್ಚಿಲ್ಲ. ಅವ್ವ ಅಳುವುದು ಕಾಲು ಹೋಗುವ ಭಯಕ್ಕೆ. ಆ ಭಯವನ್ನೇ ಕಾರಣವಾಗಿ ಹಿಡಿದು ಪಕ್ಕದಲ್ಲಿ ಕೂತು ಹೇಳಿ: ‘ಕಾಲು ಉಳಿಸಲಿಕ್ಕೇ ಕೂರಿಸಾಕತ್ತೀನಿ, ಎರಡು ತಿಂಗಳು ನನ್ನ ಮಾತು ಕೇಳವ್ವ.’ ನಾಳೆ ಬೆಳಗಿನ ರೊಟ್ಟಿಯನ್ನು ಬೇರೆಯವರು ಬಡಿಯಲಿ. ನೀವು ಅವ್ವನನ್ನು ಗಾಡಿಯಲ್ಲಿ ಕೂರಿಸಿಕೊಂಡು ರಕ್ತಸಂಚಾರದ ಪರೀಕ್ಷೆಗೆ ಹೊರಡಿ.